ನಸುರು ಕೂತವಳು

ನಮ್ಮೂರಿನ ಹೈಸ್ಕೂಲು ಬಯಲಿನ ಪಡುವಣ ದಿಕ್ಕಿಗೆ ಒಂದು ಹಳೆಯ ಕಲ್ಲುಗೋಡೆ ಇತ್ತು. ಅದರ ಸಂದುಗಳಲ್ಲಿ ನಸುರು ಜೇನು ಮನೆ ಮಾಡಿಕೊಂಡಿದ್ದವು. ನಸುರು ಅಂದರೆ ಸಾಸಿವೆ ಕಾಳಿಗೆ ರೆಕ್ಕೆ ಮೂಡಿದಂತಿರುವ ಕಪ್ಪು ಹುಳು. ಅದಕ್ಕೆ ಮುಳ್ಳಿಲ್ಲ, ಚುಚ್ಚುವುದಿಲ್ಲ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಒಂದು ಬೆಳಗ್ಗೆ ಊರಿನವರೆಲ್ಲ ತಮ್ಮ ಹದಿಹರೆಯದ ಮಕ್ಕಳನ್ನು ಕರೆತಂದು ಆ ಗೋಡೆಯ ಮುಂದೆ ಸಾಲಾಗಿ ಕೂರಿಸುತ್ತಿದ್ದರು. ಮಕ್ಕಳ ಕತ್ತಿನಲ್ಲಿ ಬೆವರು ಮೂಡುತ್ತಿದ್ದಂತೆ ನಸುರು ಹೊರಗೆ ಬರುತ್ತಿದ್ದವು. ಯಾವ ಮಗುವಿನ ಮೈಯೊಳಗೆ ಸಕ್ಕರೆಯೋ ಕೊಬ್ಬೋ ಹದ ತಪ್ಪತೊಡಗಿದೆಯೋ ಆ ಮಗುವಿನ ಕತ್ತಿನ ಮೇಲೆ ಮಾತ್ರ ಕೂತು ಬೆವರು ಹೀರುತ್ತಿದ್ದವು. ಕಾಯಿಲೆ ಕಾಣಿಸಿಕೊಳ್ಳಲು ಇನ್ನೂ ವರ್ಷಗಳಿರುವಾಗಲೇ ಅವಕ್ಕೆ ತಿಳಿಯುತ್ತಿತ್ತು. ಅದು ಹೇಗೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ.

ನಮ್ಮಜ್ಜಿಗೂ ಹುಡುಗಿಯಾಗಿದ್ದಾಗ ನಸುರು ಕೂತಿದ್ದವಂತೆ. ಆಗ ಅದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಮನೆಯವರು ಬೆಲ್ಲದ ಡಬ್ಬಿ ಅಟ್ಟಕ್ಕೆ ಏರಿಸಿ, ರಾಗಿ, ಸೊಪ್ಪು, ಕಾಳು ಹಾಕಿ, ದಿನಾ ಗುಡ್ಡದ ಕಡೆಗೆ ಸೌದೆಗೆ ಕಳಿಸಿದರು. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ನಸುರು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅಜ್ಜಿ ಮರಿಮಕ್ಕಳನ್ನು ಎತ್ತಿ ಆಡಿಸಿ ಸತ್ತಳು. ನಡುವೆ ಎಲ್ಲೋ ಊರಿನ ಮನಸ್ಸು ಬದಲಾಯಿತು. ಹೆಣ್ಣು ನೋಡಲು ಬಂದವರು ಮೊದಲು ಕೇಳುವ ಮಾತೇ ಅದಾಯಿತು: ನಸುರು ಕೂತಿದ್ದವೋ?

ನನ್ನ ಮಗಳು ವಿಶಾಲಿಗೆ ಹದಿಮೂರು ತುಂಬಿದ ವರ್ಷ ನಾನೂ ಅವಳನ್ನು ಕರೆದುಕೊಂಡು ಹೋದೆ. ನನ್ನ ಯಜಮಾನರು ಅವಳು ಅಂಬೆಗಾಲಿಡುವಾಗಲೇ ತೀರಿಕೊಂಡಿದ್ದರು. ಬಟ್ಟೆ ಹೊಲಿದು ಮಗಳನ್ನು ಸಾಕುತ್ತಿದ್ದೆ. ನಮಗೆ ಆಸರೆ ಅಂತಿದ್ದವನು ನನ್ನ ಅಣ್ಣ ಗುರುಮಲ್ಲಪ್ಪ. ಅವನಿಗೆ ಸಿಮೆಂಟಿನ ಅಂಗಡಿ ಇತ್ತು, ಪುರಸಭೆಯಲ್ಲಿ ಸದಸ್ಯನಾಗಿದ್ದ. ಅವನ ಒಬ್ಬನೇ ಮಗ ಮಲ್ಲು ವಿಶಾಲಿಗಿಂತ ಎರಡು ವರ್ಷ ಚಿಕ್ಕವನು. ಆದರೂ ಅತ್ತಿಗೆ ವಿಶಾಲಿಯನ್ನು ಕಂಡಾಗಲೆಲ್ಲ ಗಲ್ಲ ಹಿಂಡಿ, "ನಮ್ಮನೆ ಸೊಸೆ ಬಂದ್ಲು, ಮಣೆ ಹಾಕ್ರಪ್ಪ" ಅಂತ ನಗಾಡುತ್ತಿದ್ದಳು.

ಆ ದಿನ ಅಣ್ಣನೂ ನನ್ನ ಪಕ್ಕದಲ್ಲೇ ನಿಂತಿದ್ದ. ಬಿಸಿಲು ಏರಿತು. ಗೋಡೆಯಿಂದ ಒಂದು ಎಳೆ ಹೊಗೆಯಂತೆ ನಸುರು ಹೊರಟು ಸಾಲಿನ ಮೇಲೆ ಸುಳಿದಾಡಿ, ಎಲ್ಲೋ ಒಂದೆರಡು ಮಕ್ಕಳ ಮೇಲೆ ಕೂತವು. ಆಮೇಲೆ ವಿಶಾಲಿಯ ಕತ್ತಿನ ಮೇಲೆ ಕೂತವು. ಅವಳಿಗೆ ಕಚಗುಳಿಯಾಗಿ ನಗು ಬಂತು. ಭುಜ ಮೇಲೆತ್ತಿ ಕಿಲಕಿಲ ನಗುತ್ತಾ, "ಅಮ್ಮಾ, ನೋಡಮ್ಮಾ" ಅಂತ ನನ್ನನ್ನೇ ಕೂಗಿದಳು. ಸುತ್ತ ನಿಂತವರು ಯಾರೂ ನಗಲಿಲ್ಲ. ಅದನ್ನು ಕಂಡು ಅವಳೂ ನಗುವುದನ್ನು ನಿಲ್ಲಿಸಿದಳು.

ದಾರಿಯಲ್ಲಿ ಅಣ್ಣ ಹೇಳಿದ, "ಆಗಿದ್ದು ಆಯ್ತು ಬಿಡು ಮಂಗಳ. ಎಲ್ಲರ ಎದುರಿಗೆ ಹಂಗೆ ನಗಬಾರ್ದಾಗಿತ್ತು ಅವಳು." ಆ ವಾರದಿಂದ ಅತ್ತಿಗೆ ಸೊಸೆ ಅನ್ನುವ ಮಾತು ಬಿಟ್ಟಳು. ವಿಶಾಲಿ ಹೋದರೆ "ಬಾರಮ್ಮ, ಕೂತ್ಕೊ" ಅನ್ನುತ್ತಿದ್ದಳು. ದೂರದ ನೆಂಟರನ್ನು ಮಾತಾಡಿಸುವ ಹಾಗೆ.

ನಾನು ಎದೆಗುಂದಲಿಲ್ಲ. ಅಜ್ಜಿಗೆ ವಾಸಿಯಾದದ್ದು ನನ್ನ ಮಗಳಿಗೆ ಯಾಕಾಗುವುದಿಲ್ಲ ಅಂತ ಹಟ ಹಿಡಿದೆ. ಮನೆಯಲ್ಲಿ ಸಕ್ಕರೆ ತರುವುದನ್ನೇ ನಿಲ್ಲಿಸಿದೆ. ನಾನೂ ಸಪ್ಪೆ ಕಾಫಿ ಕುಡಿದೆ. ಬೆಳಕು ಹರಿಯುವಾಗ ಅವಳನ್ನು ಎಬ್ಬಿಸಿ ಕೆರೆ ಏರಿಯ ಮೇಲೆ ಕರೆದೊಯ್ಯುತ್ತಿದ್ದೆ. ಮೊದಮೊದಲು ಅತ್ತಳು, ಕಾಲು ನೋವು ಅಂದಳು, ಏರಿಯ ನಡುವೆ ಕೂತುಬಿಟ್ಟಳು. ಕ್ರಮೇಣ ನನಗಿಂತ ಮುಂದೆ ಹೋಗಿ ನಿಂತು, "ಎಷ್ಟೊತ್ತಮ್ಮ ನೀನು, ಬಸುರಿ ಹೆಂಗ್ಸಿನ ಹಂಗೆ ಬರ್ತೀಯಲ್ಲ" ಅಂತ ರೇಗಿಸುವಷ್ಟಾದಳು. ಮಲ್ಲುವೂ ಒಂದಷ್ಟು ದಿನ ನಮ್ಮ ಜೊತೆ ಬಂದ. ಅವನಿಗೆ ಅಕ್ಕ ಅಂದರೆ ಪ್ರಾಣ. ದುಂಡಗಿನ ಹುಡುಗ, ಏದುಸಿರು ಬಿಡುತ್ತಾ ಹಿಂದೆ ಹಿಂದೆ ಓಡಿ ಬರುತ್ತಿದ್ದ. ಅಣ್ಣನಿಗೆ ಗೊತ್ತಾಗಿ ನಿಲ್ಲಿಸಿದ. "ನನ್ನ ಮಗನಿಗೇನಾಗಿದೆ ಅಂತ ನಡೀಬೇಕು? ನೋಡ್ದೋರು ಏನಂದ್ಕೋತಾರೆ? ತಿನ್ನೋ ವಯಸ್ಸು, ತಿನ್ಲಿ." ಮಲ್ಲು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಬಣ್ಣದ ನೀರಿನ ಬಾಟಲಿ ಎತ್ತಿ ಕುಡಿಯುತ್ತಿದ್ದ. ನಾವು ಆ ದಾರಿಯಲ್ಲಿ ಹೋದರೆ ಕೈ ಬೀಸುತ್ತಿದ್ದ.

ನಡೆಯುವುದು ಕಷ್ಟವಾಗಿರಲಿಲ್ಲ. ಬಾಯಿ ಕಟ್ಟುವುದೂ ಅಷ್ಟು ಕಷ್ಟವಾಗಿರಲಿಲ್ಲ. ಊರಿನ ಜೊತೆ ಬಾಳುವುದು ಕಷ್ಟವಾಯಿತು. ಮದುವೆ ಊಟಕ್ಕೆ ಕೂತರೆ ಪಾಯಸದ ಬಕೆಟ್ಟು ಹಿಡಿದವನು ಅವಳ ಎಲೆಯ ಮುಂದೆ ನಿಂತು ಎಲ್ಲರಿಗೂ ಕೇಳಿಸುವಂತೆ, "ನೀನು ನಸುರು ಕೂತವಳಲ್ವಾ? ಬೇಡ ಬೇಡ" ಅಂತ ಮುಂದೆ ಹೋಗುತ್ತಿದ್ದ. ಅವಳು ಬೇಕು ಅಂದೇ ಇರಲಿಲ್ಲ. ಶಾಲೆಯಲ್ಲಿ ಹುಡುಗರು ಅವಳು ಒಳಗೆ ಬರುತ್ತಿದ್ದಂತೆ ಜುಂಯ್ ಅಂತ ಸದ್ದು ಮಾಡುತ್ತಿದ್ದರು. ಖೋಖೋ ತಂಡದಿಂದ ತೆಗೆದರು. ಓಡಿದರೆ ಅವಳಿಗೆ ಒಳ್ಳೆಯದಲ್ಲವೇ ಅಂತ ಕೇಳಲು ಹೋದರೆ ಮೇಷ್ಟರು, "ಮೈದಾನದಲ್ಲಿ ಏನಾದ್ರೂ ಆದ್ರೆ ಯಾರು ಜವಾಬ್ದಾರಿ ಅಮ್ಮಾ?" ಅಂದರು. ಪಕ್ಕದ ಬೆಂಚಿನ ಗೆಳತಿ ಶಾಮಲೆಯ ತಾಯಿ, ಬೆವರು ತಾಗಿದರೆ ಬರುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಮಗಳನ್ನು ಬೇರೆ ಕಡೆ ಕೂರಿಸಿದಳು. ವಿಶಾಲಿ ಮನೆಗೆ ಬಂದು ಇದನ್ನೆಲ್ಲ ಒಂದೇ ಸಲ ಹೇಳುತ್ತಿರಲಿಲ್ಲ. ತಲೆ ಬಾಚುವಾಗ ಒಂದು, ಕಾಳು ಸುಲಿಯುವಾಗ ಇನ್ನೊಂದು, ಹೀಗೆ ತುಣುಕು ತುಣುಕಾಗಿ ಹೊರಗೆ ಬರುತ್ತಿತ್ತು. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಮರುವರ್ಷ ಅವಳ ಕತ್ತಿನ ಮೇಲೆ ಬೆರಳೆಣಿಕೆಯಷ್ಟು ನಸುರು ಕೂತು, ತುಸು ಹೊತ್ತಿಗೇ ಎದ್ದು ಹೋದವು. ನೋಡುತ್ತಾ ನಿಂತಿದ್ದ ಒಬ್ಬ ಮುದುಕಿ ನನ್ನ ಬೆನ್ನು ಸವರಿ, "ಮುಂದಿನ ವರ್ಷಕ್ಕೆ ಕೂರಲ್ಲ ಕಣವ್ವ, ಹೆದರಬೇಡ" ಅಂದಳು. ಆ ಸಂಜೆ ವಿಶಾಲಿ ಕನ್ನಡಿಯ ಮುಂದೆ ನಿಂತು ತನ್ನ ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿಕೊಂಡಳು. "ಮುಂದಿನ ವರ್ಷ ನನ್ನ ಮೇಲೆ ಕೂರದಿದ್ರೆ ಅಮ್ಮ, ನೀಲಿ ಲಂಗ ಹೊಲಿದು ಕೊಡ್ತೀಯಾ? ಅದನ್ನ ಹಾಕ್ಕೊಂಡು ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೀತೀನಿ" ಅಂದಳು. ನಾನು ಅವತ್ತೇ ಬಟ್ಟೆ ಅಳೆದೆ.

ಆ ಮುಂದಿನ ವರ್ಷ ಮಲ್ಲುವಿಗೂ ಹದಿಮೂರು. ಅಣ್ಣ ಅವನಿಗೆ ಹೊಸ ಷರ್ಟು ತೊಡಿಸಿ ತಂದು ಮುಂದಿನ ಸಾಲಿನಲ್ಲೇ ಕೂರಿಸಿದ. ವಿಶಾಲಿ ಹಿಂದಿನ ಸಾಲಿನಲ್ಲಿದ್ದಳು. ಬಿಸಿಲು ಏರಿತು. ನಸುರು ಹೊರಗೆ ಬರತೊಡಗಿದವು, ಬರುತ್ತಲೇ ಇದ್ದವು. ಗೋಡೆಯ ಒಂದೊಂದು ಸಂದಿನಿಂದಲೂ ಕಪ್ಪಗೆ ಉಕ್ಕಿ ಬಂದವು. ಮೊದಲ ಸಾಲಿನ ಹುಡುಗರ ಮೇಲೆ ಕೂತವು, ಎರಡನೇ ಸಾಲಿನ ಮೇಲೂ ಕೂತವು. ಶಾಮಲೆಯ ಮೇಲೆ, ಮೇಷ್ಟರ ಮಗನ ಮೇಲೆ, ಕುಸ್ತಿ ಆಡುವ ಹುಡುಗರ ಮೇಲೆ, ಗಾಳಿ ಬಂದರೆ ಬೀಳುವಂತಿದ್ದ ಸಣಕಲು ಹುಡುಗಿಯರ ಮೇಲೂ ಕೂತವು. ಮಲ್ಲುವಿನ ಕತ್ತು ಪೂರ್ತಿ ಕಪ್ಪಾಗಿ ಕಾಣುತ್ತಿತ್ತು. ಆಮೇಲೆ ಅಣ್ಣ ಹೆಗಲ ಮೇಲಿದ್ದ ಟವೆಲ್ಲು ಎಳೆದುಕೊಂಡು ನುಗ್ಗಿದ. ಮಗನ ಕತ್ತಿಗೆ ಪಟಪಟ ಬಡಿದ. ಸತ್ತ ಹುಳುಗಳು ಹೊಸ ಷರ್ಟಿನ ಮೇಲೆ ಮೆತ್ತಿಕೊಂಡವು. ಅವನನ್ನು ನೋಡಿ ಎಲ್ಲ ತಂದೆ ತಾಯಿಯರೂ ನುಗ್ಗಿದರು. ಧೂಳು, ಕೂಗಾಟ, ಮಕ್ಕಳ ಅಳು. ನಾನು ವಿಶಾಲಿಯನ್ನು ಹುಡುಕುತ್ತಾ ಜನರನ್ನು ತಳ್ಳಿಕೊಂಡು ಹೋದೆ. ಅವಳು ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡು, ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಅವಳ ಕತ್ತಿನ ಹತ್ತಿರ ಒಂದೆರಡು ಹಾರಾಡುತ್ತಿದ್ದವು. ಅವು ಅವಳ ಮೇಲೆ ಕೂರಲು ಬಂದವೋ, ಬೇರೆಯವರ ಟವೆಲ್ಲಿಗೆ ಹೆದರಿ ಹಾರಿದವೋ, ಹೇಳಲಾರೆ. ಯಾರದೋ ಟವೆಲ್ಲು ನಮ್ಮಿಬ್ಬರ ನಡುವೆ ಬೀಸಿತು. ಆಮೇಲೆ ಏನೂ ಇರಲಿಲ್ಲ.

"ಕೂತವಾ ಅಮ್ಮ?" ಅಂತ ಕೇಳಿದಳು, ಕಣ್ಣು ಮುಚ್ಚಿಕೊಂಡೇ.

"ನಂಗೆ ಕಾಣಲಿಲ್ಲ ಕಂದ" ಅಂದೆ.

ಅವತ್ತೇ ಸಂಜೆ ಪುರಸಭೆಯ ಅಂಗಳದಲ್ಲಿ ಊರು ಸೇರಿತು. ಅಣ್ಣ ಮಾತಾಡಿದ. ಹುಳುಗಳಿಗೆ ಹುಚ್ಚು ಹಿಡಿದಿದೆ, ಎಲ್ಲ ಮಕ್ಕಳಿಗೂ ಒಟ್ಟಿಗೆ ಮೈ ಕೆಡುವುದು ಅಂದರೇನು, ಆ ಗೋಡೆ ಇರುವ ತನಕ ನಮ್ಮ ಮಕ್ಕಳಿಗೆ ಮದುವೆಯೂ ಆಗುವುದಿಲ್ಲ, ಊರಿಗೆ ಹೆಸರೂ ಉಳಿಯುವುದಿಲ್ಲ, ನಾಳೆಯೇ ಸಿಮೆಂಟು ಹಾಕಿ ಮೆತ್ತಿಬಿಡೋಣ ಅಂದ. ಸಿಮೆಂಟು ನನ್ನದೇ ಅಂದ. ಸರಿ ಸರಿ ಅಂದರು. ನಾನು ಎದ್ದು ನಿಂತೆ. ಅಷ್ಟು ಜನರ ಮುಂದೆ ನಾನು ಬಾಯಿ ತೆರೆದವಳಲ್ಲ.

"ಅಣ್ಣಾ, ಗೋಡೆ ಮುಚ್ಚಿದ್ರೆ ಮಕ್ಕಳ ಮೈ ಸರಿ ಹೋಗ್ತದಾ? ಅವು ಹೇಳ್ತಿರೋದು ನಿಜಾನೇ ಇದ್ರೆ? ಮನೆ ಮನೆಯಲ್ಲಿ ಏನು ತಿನ್ನಿಸ್ತಿದೀವಿ ಅಂತ ಒಂದ್ಸಲ ನೋಡ್ಕೊಬಾರ್ದಾ? ಈಗ ಗೊತ್ತಾದ್ರೆ ಇನ್ನೂ ಟೈಮಿದೆ. ನಮ್ಮ ವಿಶಾಲಿಗೆ ಹೋದ ವರ್ಷಾನೇ ಕಡಮೆ ಆಗಿತ್ತು, ನೀವೆಲ್ಲ ನೋಡಿದ್ರಿ."

ಉತ್ತರ ಕೊಟ್ಟವಳು ಶಾಮಲೆಯ ತಾಯಿ ಶಿವಗಂಗಮ್ಮ. ಕೋಪದಿಂದಲ್ಲ, ಅಳುತ್ತಾ ಹೇಳಿದಳು. "ಮಂಗಳಕ್ಕ, ನಿಮ್ಮ ಮಗಳನ್ನ ನಾವು ಹೆಂಗೆ ನಡೆಸ್ಕೊಂಡ್ವಿ ಅಂತ ನಂಗೆ ಗೊತ್ತು. ನಾನೇ ನನ್ನ ಮಗಳನ್ನ ಅವಳ ಪಕ್ಕದಿಂದ ಎಬ್ಬಿಸಿದೋಳು. ಈಗ ನನ್ನ ಮೂರೂ ಮಕ್ಕಳ ಮೇಲೆ ಕೂತವೆ. ಮೂರಕ್ಕೂ ಆ ಬಾಳು ಬೇಕಾ? ನನ್ನ ಕೈಲಿ ಆಗಲ್ಲ ಅಕ್ಕ. ಗೊತ್ತಿಲ್ಲದೇ ಇದ್ರೆ ಸಾಕು."

ನಾನು ಕೂತುಬಿಟ್ಟೆ.

ಮರುದಿನ ಬೆಳಗ್ಗೆ ಅಣ್ಣನ ಗಾರೆಯವರು ಬಾಣಲಿ, ಕರಣೆ ತಗೊಂಡು ಬಂದರು. ವಿಶಾಲಿ ನನಗೆ ಹೇಳದೆ ಬಯಲಿಗೆ ಓಡಿದಳು. ಹಿಂದೆಯೇ ನಾನು ಹೋಗುವಷ್ಟರಲ್ಲಿ ಅವಳು ಅಣ್ಣನ ಎದುರು ಕೈ ಜೋಡಿಸಿಕೊಂಡು ನಿಂತಿದ್ದಳು. "ಮಾವ, ಮಧ್ಯಾಹ್ನದ ತನಕ ಒಂದೇ ಒಂದು ಸಂದು ಬಿಡಿ. ನಾನೊಬ್ಳೇ ಕೂತ್ಕೋತೀನಿ. ಯಾರೂ ನೋಡೋದು ಬೇಡ. ಇಷ್ಟು ದಿನ ನಡೆದಿದ್ದೀನಿ ಮಾವ, ಏನಾಯ್ತು ಅಂತ ನಂಗೆ ಗೊತ್ತಾಗ್ಬೇಕು." ಅಣ್ಣ ಅವಳ ತಲೆ ಮೇಲೆ ಕೈ ಇಟ್ಟ. ಅವನು ಕೆಟ್ಟವನಲ್ಲ. "ಇನ್ಮೇಲೆ ಯಾರೂ ನಿನ್ನನ್ನ ಏನೂ ಅನ್ನಲ್ಲ ತಾಯಿ. ಅದಕ್ಕೇ ಮುಚ್ತಿರೋದು. ಮನೆಗೆ ಹೋಗು" ಅಂದ. ಗಾರೆಯವರಿಗೆ ಕಣ್ಸನ್ನೆ ಮಾಡಿದ. ಅವಳು ಹೋಗಲಿಲ್ಲ. ಗೋಡೆಯ ಮುಂದೆ ಬಿಸಿಲಿನಲ್ಲಿ ಕೂತಳು. ಅವಳ ಬೆನ್ನ ಹಿಂದೆ ಗಾರೆ ಮೆತ್ತುವ ಸದ್ದು ಕೇಳುತ್ತಿತ್ತು. ಬೆವರು ಕತ್ತಿನಿಂದ ಇಳಿದು ರವಿಕೆ ತೋಯ್ದು ಹೋಯಿತು. ಹೊರಗೆ ಉಳಿದುಹೋಗಿದ್ದ ನಸುರು ದಾರಿ ಕಾಣದೆ ಒದ್ದೆ ಸಿಮೆಂಟಿಗೆ ಅಂಟಿಕೊಂಡು ಸತ್ತವು. ಒಂದೂ ಅವಳ ಕಡೆ ಬರಲಿಲ್ಲ. ಅದು ಗುಣವಾದ ಲಕ್ಷಣವೋ, ಅವುಗಳ ಸಂಕಟವೋ, ಯಾರನ್ನು ಕೇಳುವುದು?

ಅಣ್ಣ ಹೇಳಿದ್ದು ನಿಜವಾಯಿತು. ಆಮೇಲೆ ಯಾರೂ ಅವಳನ್ನು ಏನೂ ಅನ್ನಲಿಲ್ಲ. ಆ ವರ್ಷದ ಮದುವೆಗಳಲ್ಲಿ ಪಾಯಸದ ಬಕೆಟ್ಟು ಎಲ್ಲರ ಎಲೆಯ ಮುಂದೆಯೂ ನಿಂತಿತು. ವಿಶಾಲಿಗೆ ಎರಡು ಸೌಟು ಹೆಚ್ಚಿಗೇ ಬಡಿಸಿದರು, ಏನೋ ಬಾಕಿ ತೀರಿಸುವವರ ಹಾಗೆ. ಶಾಮಲೆ ಮತ್ತೆ ಅವಳ ಪಕ್ಕ ಕೂತಳು. ಅತ್ತಿಗೆ ಮತ್ತೆ ಗಲ್ಲ ಹಿಂಡಿದಳು. ಊರಿಗೆ ಊರೇ ಹಬ್ಬದ ಕಳೆಯಲ್ಲಿತ್ತು. ಒಂದು ಬೆಳಗ್ಗೆ ಎಬ್ಬಿಸಲು ಹೋದರೆ ವಿಶಾಲಿ ಮುಸುಕು ಎಳೆದುಕೊಂಡು, "ಇನ್ಯಾಕಮ್ಮ?" ಅಂದಳು. ಗದರಿದೆ, ಬೇಡಿಕೊಂಡೆ, ಅಜ್ಜಿಯ ಕಥೆ ಹೇಳಿದೆ. ಎದ್ದು ಕೂತು ಶಾಂತವಾಗಿ ಅಂದಳು, "ಏರಿ ಮೇಲೆ ಹೋದ್ರೆ ಜನ ನೋಡಿ ಮತ್ತೆ ನೆನಪಿಸ್ಕೋತಾರೆ. ಈಗ ತಾನೇ ಮರೆತಿದಾರೆ. ನಾನೂ ಒಂದಷ್ಟು ದಿನ ಎಲ್ಲರ ಹಂಗೆ ಇರ್ತೀನಿ, ಬಿಟ್ಬಿಡು." ಹೊಲಿದಿಟ್ಟಿದ್ದ ನೀಲಿ ಲಂಗವನ್ನು ಅವಳು ಕೇಳಲಿಲ್ಲ, ನಾನೂ ಕೊಡಲಿಲ್ಲ. ಬರಬರುತ್ತಾ ಅದು ಅವಳಿಗೆ ಬಿಗಿಯಾಯಿತು.

ಪೇಟೆಯಲ್ಲಿ ರಕ್ತ ತೆಗೆದು ನೋಡುವ ದೊಡ್ಡಾಸ್ಪತ್ರೆ ಇತ್ತು, ಬಸ್ಸಿನಲ್ಲಿ ಅರ್ಧ ದಿನದ ದಾರಿ. ನಮ್ಮೂರಿನಿಂದ ಅಲ್ಲಿಗೆ ಗಟ್ಟಿಮುಟ್ಟಾಗಿರುವ ಮಗುವನ್ನು ಯಾರೂ ಕರೆದುಕೊಂಡು ಹೋಗುತ್ತಿರಲಿಲ್ಲ. ಸುಮ್ಮಸುಮ್ಮನೆ ಸೂಜಿ ಯಾಕೆ ಅನ್ನುತ್ತಿದ್ದರು. ಗೋಡೆಯ ಹೆಸರನ್ನೂ ಎತ್ತುತ್ತಿರಲಿಲ್ಲ. ಆಮೇಲೆ ಹುಟ್ಟಿದ ಮಕ್ಕಳಿಗೆ ಅದು ಬರೀ ಸಿಮೆಂಟಿನ ಗೋಡೆ. ಅದರ ಮೇಲೆ ಗೆರೆ ಎಳೆದು ಕ್ರಿಕೆಟ್ ಆಡುತ್ತಿದ್ದವು.

ಮಲ್ಲು ಬೆಳೆದು ಅಪ್ಪನ ಅಂಗಡಿಯಲ್ಲಿ ಕೂರತೊಡಗಿದ. ಮೀಸೆ ಬಂದಿತ್ತು, ಹೆಣ್ಣು ನೋಡುವ ಮಾತೂ ನಡೆದಿತ್ತು. ಆ ಬೇಸಿಗೆಯಲ್ಲಿ ಅವನು ಇಳಿದುಹೋದ. ಅತ್ತಿಗೆಗೆ ಖುಷಿಯೋ ಖುಷಿ. "ಹೆಣ್ಣು ನೋಡ್ತೀವಿ ಅಂದಿದ್ದಕ್ಕೆ ಹೆಂಗೆ ತೆಳ್ಳಗಾದ ನೋಡು ನನ್ನ ಮಗ" ಅನ್ನುತ್ತಿದ್ದಳು. ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದ. ಬಿಸಿಲು ಜಾಸ್ತಿ ಅಂದರು. ನಾನು ಅಣ್ಣನ ಮನೆಗೆ ಹೋಗಿ, "ಅಣ್ಣಾ, ಅವನನ್ನ ಪೇಟೆಗೆ ಕರ್ಕೊಂಡು ಹೋಗಿ ತೋರ್ಸು" ಅಂದೆ. ಅಣ್ಣ ನನ್ನನ್ನು ಒಂದು ಥರ ನೋಡಿ, "ನಿನ್ನ ಮಗಳ ಮೇಲೆ ಕೂತಿತ್ತು ಅಂತ ಎಲ್ಲರ ಮೇಲೂ ಕೂರ್ಲಿ ಅಂತ ಇನ್ನೂ ಕಾಯ್ತಿದೀಯಾ?" ಅಂದ. ಹೊಸಿಲು ದಾಟಿ ಬಂದುಬಿಟ್ಟೆ. ಒಂದು ಮಧ್ಯಾಹ್ನ ಸಿಮೆಂಟು ಮೂಟೆಗಳಿಗೆ ಒರಗಿ ಮಲಗಿದ ಮಲ್ಲು ಎಷ್ಟು ಕೂಗಿದರೂ ಏಳಲಿಲ್ಲ. ಉಸಿರಿನಿಂದ ಹಣ್ಣು ಕೊಳೆತ ವಾಸನೆ ಬರುತ್ತಿತ್ತು. ಪೇಟೆಯ ಡಾಕ್ಟರು, "ಇಷ್ಟು ವರ್ಷ ಒಂದ್ಸಲಾನೂ ಗೊತ್ತಾಗ್ಲಿಲ್ವಾ ನಿಮಗೆ?" ಅಂತ ಕೇಳಿದರಂತೆ. ಅಣ್ಣ ಆಸ್ಪತ್ರೆಯ ಗೋಡೆಗೆ ತಲೆ ಆನಿಸಿ ನಿಂತಿದ್ದನಂತೆ. ಮಲ್ಲುವನ್ನು ಬಟ್ಟೆ ಸುತ್ತಿ ಊರಿಗೆ ತಂದರು.

ಕರ್ಮ ಮುಗಿದ ಮೇಲೆ ಅಣ್ಣ ನಮ್ಮ ಮನೆಗೆ ಬಂದ. ಎಷ್ಟೋ ವರ್ಷಗಳ ನಂತರ ನೆಲದ ಮೇಲೆ ಕೂತ. ವಿಶಾಲಿ ನೀರು ತಂದು ಇಟ್ಟಳು. ಅವನು ಅವಳ ಕೈ ಹಿಡಿದುಕೊಂಡು, "ನೀನಾದ್ರೂ ಹೋಗಿ ನೋಡಿಸ್ಕೋ ತಾಯಿ. ನಾನೇ ಕರ್ಕೊಂಡು ಹೋಗ್ತೀನಿ. ನಾಳೇನೇ ಹೋಗೋಣ" ಅಂತ ಮಗುವಿನ ಹಾಗೆ ಅತ್ತ. ವಿಶಾಲಿ ಕೈ ಬಿಡಿಸಿಕೊಳ್ಳಲಿಲ್ಲ. ಅವಳಿಗೂ ಕಣ್ಣಲ್ಲಿ ನೀರಿತ್ತು. "ಅಮ್ಮನ ಜೊತೆ ಹೋಗ್ತೀನಿ ಮಾವ. ನೀವು ಸುಧಾರಿಸ್ಕೊಳ್ಳಿ" ಅಂದಳು.

ಹೇಳಿದಂತೆ ಮುಂದಿನ ಸೋಮವಾರವೇ ಹೊರಟೆವು. ಅವಳು ತಲೆ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಬಸ್ಸಿಗೆ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಕೂತೆವು. ಬಸ್ಸು ಬಂತು. ಕಂಡಕ್ಟರು ಬಾಗಿಲು ಬಡಿದು ಊರೂರಿನ ಹೆಸರು ಕೂಗಿದ. ನಾನು ಎದ್ದೆ. ಅವಳು ಏಳಲಿಲ್ಲ. ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು.

"ಅಮ್ಮ, ಇನ್ನೊಂದು ವಾರ ಹಿಂಗೇ ಇರೋಣ."

"ಯಾಕೆ ಮಗಳೇ? ಒಂದು ಹನಿ ರಕ್ತ. ನೋವೂ ಆಗಲ್ಲ."

"ನೋವಿಗಲ್ಲ. ಅವತ್ತು ಬಯಲಲ್ಲಿ ನಗ್ತಿದ್ದೆ ನೋಡು, ನೀವೆಲ್ಲ ಒಟ್ಟಿಗೆ ನನ್ನನ್ನ ನೋಡಿದ್ರಿ. ಇನ್ನೊಂದ್ಸಲ ಹಂಗೆ ನನ್ನನ್ನ ನೋಡ್ಬೇಡ ಅಮ್ಮ. ನಿನ್ನ ಕೈಲಿ ನೋಡದೇ ಇರೋಕೂ ಆಗಲ್ಲ."

ಕಂಡಕ್ಟರು ಬರ್ತೀರಾ ಇಲ್ವಾ ಅಂತ ಕೇಳಿದ. ಊರನ್ನೇ ಎದುರು ಹಾಕಿಕೊಂಡು ಗೊತ್ತಾಗಲಿ ಗೊತ್ತಾಗಲಿ ಅಂದವಳು ನಾನು. ಅವಳ ಕೈ ಹಿಡಿದು ಎಳೆಯಬೇಕಿತ್ತು. ಅವಳ ಮುಖ ನೋಡಿದೆ. ಭುಜದ ಮೇಲೆ ಸಡಿಲವಾಗಿದ್ದ ರವಿಕೆ ನೋಡಿದೆ. ಕಳೆದ ವರ್ಷ ನಾನೇ ಹೊಲಿದದ್ದು ಅದು, ಆಗ ಸರಿಯಾಗಿತ್ತು. ಮತ್ತೆ ಬೆಂಚಿನ ಮೇಲೆ ಕೂತೆ. ಬಸ್ಸು ಧೂಳೆಬ್ಬಿಸಿ ಹೊರಟಿತು.

ಈಗ ಸೋಮವಾರ ಬಂದರೆ ನಾವಿಬ್ಬರೂ ಬಸ್ ನಿಲ್ದಾಣಕ್ಕೆ ಹೋಗುತ್ತೇವೆ. ಊರವರು ಎಲ್ಲಿಗೆ ಅಂತ ಕೇಳಿದರೆ ಪೇಟೆಗೆ ಅನ್ನುತ್ತೇವೆ. ಬಸ್ಸು ಬರುತ್ತದೆ, ನಿಲ್ಲುತ್ತದೆ, ಹೋಗುತ್ತದೆ. ಅದು ತಿರುವಿನಲ್ಲಿ ಮರೆಯಾದಾಗ ವಿಶಾಲಿ ನಿಟ್ಟುಸಿರು ಬಿಟ್ಟು ನನ್ನ ಹೆಗಲಿಗೆ ತಲೆ ಇಡುತ್ತಾಳೆ. ಆಗ ನನ್ನ ಎದೆಯೂ ಹಗುರವಾಗುತ್ತದೆ. ಅದನ್ನು ನಾನು ಅವಳಿಗೆ ಹೇಳಿಲ್ಲ.